ಸೈಕಲ್ ಸವಾರರ ಮೇಲೆ ಎರಗುವ ಹಕ್ಕಿ, ಬೆನ್ನಟ್ಟುವ ಪ್ರಾಣಿ: ಪುಣೆ ಸುತ್ತಮುತ್ತ ಎಲ್ಲೆಲ್ಲಿ, ಯಾವಾಗ, ಏನು ಮಾಡಬೇಕು?

ಪಾಷಾಣ ಸವಾರ

ಹೊಸದಾಗಿ ಸೈಕಲ್ ಕೊಂಡವರು ಗೇರ್ ಬಗ್ಗೆ ಕೇಳುತ್ತಾರೆ. ಸೀಟು ಎಷ್ಟು ಎತ್ತರ ಇರಬೇಕು, ಪಂಕ್ಚರ್ ಕಿಟ್ ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ಹದ್ದು ತಲೆಗೆ ಬಡಿದರೆ ಏನು ಮಾಡಬೇಕು, ನಾಯಿಗಳ ಗುಂಪು ಬೆನ್ನು ಹತ್ತಿದರೆ ಏನು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ಆದರೆ ನಮ್ಮ ಭಾನುವಾರದ ಗುಂಪಿನಲ್ಲಿ ಬಿದ್ದು ಪೆಟ್ಟು ಮಾಡಿಕೊಂಡವರನ್ನು ಕೇಳಿ ನೋಡಿ. ಲಾರಿ, ಕಾರುಗಳ ಜೊತೆಗೆ ಇವುಗಳ ಹೆಸರೂ ಬಂದೇ ಬರುತ್ತದೆ.

ಮೊನ್ನೆ ಪುಣೆಯ ಪಾಷಾಣ ಬಡಾವಣೆಯ ಹತ್ತಿರ ನಮ್ಮ ಗುಂಪಿನ ಹುಡುಗಿಯೊಬ್ಬಳು ಬಿದ್ದಳು. ರಸ್ತೆ ಬದಿ ಎತ್ತರದ ಮರ, ಅದರ ಕವಲಿನಲ್ಲಿ ಹದ್ದಿನ ಗೂಡು. ಹಿಂದಿನಿಂದ ಬಂದ ಹದ್ದು ಹೆಲ್ಮೆಟ್ಟಿಗೆ ಟಪ್ ಅಂತ ಹೊಡೆಯಿತು. ಹೆಲ್ಮೆಟ್ಟಿನ ಬಣ್ಣ ಎರಡು ಗೆರೆಯಷ್ಟು ಕೆತ್ತಿಹೋಗಿತ್ತು, ಅಷ್ಟೇ. ತಲೆಗೆ ಏನೂ ಆಗಿರಲಿಲ್ಲ. ಆದರೆ ಅವಳು ಏನಾಯ್ತು ಅಂತ ತಿರುಗಿ ನೋಡಿದಳು. ಮುಂದಿನ ಚಕ್ರ ಡಾಂಬರಿನ ಅಂಚಿನಿಂದ ಕೆಳಗಿಳಿದು ಜಲ್ಲಿಕಲ್ಲಿನಲ್ಲಿ ಜಾರಿತು. ಮಣಿಕಟ್ಟು ಮುರಿದು ಈಗ ಪ್ಲಾಸ್ಟರ್ ಹಾಕಿದ್ದಾರೆ.

ಹಕ್ಕಿಯ ಉಗುರು, ನಾಯಿಯ ಹಲ್ಲಿಗಿಂತ ಗಾಬರಿಯಲ್ಲಿ ಬೀಳುವುದೇ ನಮಗೆ ಜಾಸ್ತಿ ಪೆಟ್ಟು ಕೊಡುತ್ತದೆ. ಎಲ್ಲಿ, ಯಾವ ತಿಂಗಳಲ್ಲಿ, ಯಾವ ಪ್ರಾಣಿ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ ಆಗುತ್ತದೆ. ಅದಕ್ಕೇ ಈ ಚರ್ಚೆ ಶುರು ಮಾಡಿದ್ದೇನೆ. ಊರು, ರಸ್ತೆ, ಕಾಲ, ಏನು ಮಾಡಿದಾಗ ಉಪಯೋಗ ಆಯ್ತು, ಎಲ್ಲ ಬರೆಯಿರಿ. ಕಲ್ಲು ಹೊಡೆಯಿರಿ, ವಿಷ ಹಾಕಿ ಅನ್ನುವ ಮಾತು ಮಾತ್ರ ಬೇಡ.

ಧಾರವಾಡದಾಕಿ, ಕೋಥರೂಡ್

ಆ ಹುಡುಗಿಗೆ ಬೇಗ ವಾಸಿಯಾಗಲಿ. ನನ್ನ ಕಥೆ ಕಾಗೆಯದು. ನಾನು ದಿನಾ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗುವವಳು. ಮೇ ತಿಂಗಳಲ್ಲಿ ನಮ್ಮ ಗಲ್ಲಿಯ ಗುಲ್‌ಮೊಹರ್ ಮರದ ಕೆಳಗೆ ಕಾಗೆ ಮರಿಯೊಂದು ಬಿದ್ದಿತ್ತು. ಹಾರಲು ಕಲಿಯುತ್ತಿದ್ದ ಮರಿ. ಕಾರಿನ ಚಕ್ರಕ್ಕೆ ಸಿಗಬಾರದು ಅಂತ ಎತ್ತಿ ಕಾಂಪೌಂಡ್ ಗೋಡೆ ಮೇಲೆ ಇಟ್ಟೆ. ಆವತ್ತಿನಿಂದ ಆ ಮರದ ಎರಡು ಕಾಗೆ ನನ್ನನ್ನು ಬಿಡಲಿಲ್ಲ. ಪಕ್ಕದ ಮನೆಯವರು ಹೋದರೆ ಸುಮ್ಮನಿರುತ್ತವೆ. ನಾನು ಗೇಟು ದಾಟಿದರೆ ಸಾಕು, ಕಾ ಕಾ ಅಂತ ತಂತಿಯಿಂದ ತಂತಿಗೆ ಹಾರುತ್ತಾ ಮೇನ್ ರೋಡಿನ ತನಕ ಬರುತ್ತವೆ. ಬೆನ್ನು ಹಾಕಿದ ಮೇಲೇ ಎರಗುವುದು. ನಾನು ನಿಂತು ಅವುಗಳ ಕಡೆ ಮುಖ ಮಾಡಿ ನೋಡಿದರೆ ಕೊಂಬೆಗೆ ಹೋಗಿ ಕೂರುತ್ತವೆ.

ಬಣ್ಣದ ಹೆಲ್ಮೆಟ್ ಹಾಕಿ ನೋಡಿದೆ, ಓಢಣಿ ಸುತ್ತಿ ನೋಡಿದೆ. ಕೊನೆಗೆ ಮಳೆ ಹಿಡಿಯುವ ತನಕ ಹಿಂದಿನ ಗಲ್ಲಿಯಿಂದ ಓಡಾಡಿದೆ. ಅದೊಂದೇ ಉಪಯೋಗ ಆಗಿದ್ದು. ಕಾಗೆಗೆ ಮುಖ ನೆನಪಿರುತ್ತದಾ? ತಿಳಿದವರು ಹೇಳಿ.

ಹಕ್ಕಿ ನೋಡುವವ

ಇರುತ್ತದೆ ಮೇಡಂ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿದ್ದಾರೆ. 2006ರಲ್ಲಿ ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ಆಮೇಲೆ ಯಾರು ಆ ಮುಖವಾಡ ಹಾಕಿಕೊಂಡು ಹೋದರೂ ಕಾಗೆಗಳು ಬೈದು ಬೆನ್ನು ಹತ್ತಿದವು. ಬೇರೆ ಮುಖವಾಡ ಹಾಕಿದರೆ ಅಷ್ಟು ಗಲಾಟೆ ಇಲ್ಲ. ವರ್ಷಗಳ ನಂತರವೂ ನೆನಪಿತ್ತು. ಹಿಡಿಯುವಾಗ ಅಲ್ಲಿ ಇಲ್ಲದ ಕಾಗೆಗಳೂ ನೋಡಿ ಕಲಿತಿದ್ದವು. ಅದು ಅಲ್ಲಿನ ಕಾಗೆ ಜಾತಿ, ನಮ್ಮ ಊರಿನ ಬೂದು ಕತ್ತಿನ ಕಾಗೆ ಬೇರೆ. ಆದರೆ ನೀವು ಹೇಳಿದ್ದನ್ನು ನೋಡಿದರೆ ಇದರ ಬುದ್ಧಿಯೂ ಕಡಿಮೆ ಅನ್ನಿಸುವುದಿಲ್ಲ.

ಕಾಲದ ಬಗ್ಗೆ ನನಗೆ ಗೊತ್ತಿರುವುದು ಬರೆಯುತ್ತೇನೆ. ಹದ್ದು ಚಳಿಗಾಲದಲ್ಲಿ ಗೂಡು ಕಟ್ಟುತ್ತದೆ. ಜನವರಿಯಿಂದ ಏಪ್ರಿಲ್ ತನಕ ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇರುತ್ತದೆ. ಕಾಗೆಯದು ಬೇಸಿಗೆಯಿಂದ ಮಳೆ ಶುರುವಾಗುವ ತನಕ. ಅದಕ್ಕೆ ಕ್ಯಾಲೆಂಡರ್ ಬೇಕಾಗಿಲ್ಲ. ಗಂಡು ಕೋಗಿಲೆ ಬೆಳಗ್ಗೆಯಿಂದ ಕೂಗಲು ಶುರು ಮಾಡಿತು ಅಂದರೆ ಕಾಗೆ ಗೂಡಿನ ಕಾಲ ಬಂತು ಅಂತ. ಕೋಗಿಲೆ ಮೊಟ್ಟೆ ಇಡುವುದೇ ಕಾಗೆ ಗೂಡಿನಲ್ಲಿ ಅಲ್ವಾ. ಆಗ ಕಾಗೆಗೆ ಮೊದಲೇ ತಲೆ ಬಿಸಿ ಆಗಿರುತ್ತದೆ. ಅದರ ಜೊತೆ ನಾವೂ ಕೆಳಗೆ ಓಡಾಡುತ್ತೇವೆ.

ಕಾಜಾಣ ಏಪ್ರಿಲ್‌ನಿಂದ ಆಗಸ್ಟ್ ತನಕ. ಇಲ್ಲಿ ಮರಾಠಿಯವರು ಅದಕ್ಕೆ ಕೋತವಾಲ ಅನ್ನುತ್ತಾರೆ. ಕಾಗೆ, ಹದ್ದುಗಳನ್ನೇ ಅಟ್ಟಿ ಓಡಿಸುವ ಹಕ್ಕಿ. ಮನುಷ್ಯರ ಮೇಲೆ ಬರುವುದು ಕಡಿಮೆ. ಟಿಟ್ಟಿಭ ನೆಲದ ಮೇಲೇ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕು. ಜಲ್ಲಿ ನಡುವೆ ಇದ್ದರೆ ಕಣ್ಣಿಗೇ ಬೀಳುವುದಿಲ್ಲ. ಮಾರ್ಚ್‌ನಿಂದ ಆಗಸ್ಟ್ ತನಕ ಬಯಲು ರಸ್ತೆಯ ಅಂಚಿಗೆ ಸೈಕಲ್ ಇಳಿಸುವಾಗ ನೋಡಿಕೊಳ್ಳಿ. ಅದು ಕಿರುಚುತ್ತಾ ಮುಖದ ಮೇಲೇ ಬಂದಂತೆ ಬಂದು ಪಕ್ಕಕ್ಕೆ ತಿರುಗುತ್ತದೆ. ತಾಗುವುದು ತೀರಾ ಅಪರೂಪ. ಹೆದರಿಸಿ ನಮ್ಮನ್ನು ಮೊಟ್ಟೆಯಿಂದ ದೂರ ಕಳಿಸುವುದೇ ಅದರ ಕೆಲಸ.

ಆಸ್ಟ್ರೇಲಿಯಾದಲ್ಲಿ ಮ್ಯಾಗ್‌ಪೈ ಅನ್ನುವ ಹಕ್ಕಿಯಿಂದ ಸೈಕಲ್ ಸವಾರರಿಗೆ ಪ್ರತಿ ವರ್ಷ ಇದೇ ಕಷ್ಟ. ಅಲ್ಲಿನ ವಸಂತದಲ್ಲಿ, ಅಂದರೆ ಆಗಸ್ಟ್‌ನಿಂದ ಅಕ್ಟೋಬರ್ ಹೊತ್ತಿಗೆ. ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಟ್ಯಾಗ್‌ಗಳನ್ನು ಮುಳ್ಳಿನಂತೆ ಕಟ್ಟಿಕೊಳ್ಳುತ್ತಾರೆ, ಹಿಂದೆ ಕಣ್ಣಿನ ಚಿತ್ರ ಅಂಟಿಸುತ್ತಾರೆ. ಆದರೆ ಅಲ್ಲಿನ ಸರ್ಕಾರದವರು ಕೊಡುವ ಸಲಹೆ ಇಳಿದು ನಡೆಯಿರಿ ಅಂತ. 2019ರ ಸೆಪ್ಟೆಂಬರ್‌ನಲ್ಲಿ ವುಲ್ಲಂಗಾಂಗ್ ಊರಿನಲ್ಲಿ 76 ವರ್ಷದ ಒಬ್ಬ ಸವಾರರು ಮ್ಯಾಗ್‌ಪೈ ತಪ್ಪಿಸಲು ಹೋಗಿ ರಸ್ತೆ ಬಿಟ್ಟು ಬೇಲಿ ಕಂಬಕ್ಕೆ ಬಡಿದು ತೀರಿಕೊಂಡರು. ಪಾಷಾಣದವರು ಹೇಳಿದ್ದು ಸರಿ. ಕೊಂದಿದ್ದು ಬಿದ್ದ ಪೆಟ್ಟು.

ನವಲಗುಂದ ನವೀನ

ಹದ್ದು ಎಲ್ಲ ಕಡೆ ಹೀಗೆ ಮಾಡುವುದಿಲ್ಲವಲ್ಲ ಸರ್? ನಮ್ಮ ಸೊಸೈಟಿಯ ಹತ್ತಿರವೂ ಗೂಡಿದೆ. ಒಂದು ದಿನವೂ ಯಾರ ತಂಟೆಗೂ ಬಂದಿಲ್ಲ.

ಹಕ್ಕಿ ನೋಡುವವ

ಒಳ್ಳೆ ಪ್ರಶ್ನೆ. ದೆಹಲಿಯ ಹದ್ದುಗಳ ಬಗ್ಗೆ ಒಂದು ಅಧ್ಯಯನ ಆಗಿದೆ. ಕಸ ಜಾಸ್ತಿ ಇರುವ, ಜನ ಮಾಂಸದ ತುಂಡು ಎಸೆಯುವ ಕಡೆ ಗೂಡು ಕಟ್ಟಿದ ಹದ್ದುಗಳು ಮನುಷ್ಯರ ಮೇಲೆ ಹೆಚ್ಚು ಎರಗುತ್ತವೆ ಅಂತ ಅದರಲ್ಲಿ ಕಂಡುಬಂತು. ಮನುಷ್ಯರ ಹತ್ತಿರ ಬಂದು ಬಂದು ಭಯ ಹೋಗಿರುತ್ತದೆ. ಪಾಷಾಣದ ಆ ಮರದ ಹತ್ತಿರ ಕೋಳಿ ಅಂಗಡಿಯ ಕಸ ಬೀಳುತ್ತದಾ ನೋಡಿ.

ಪಾಷಾಣ ಸವಾರ

ಬೀಳುತ್ತದೆ. ಮರದಿಂದ ಸ್ವಲ್ಪ ಮುಂದೆ, ಚರಂಡಿ ಪಕ್ಕ. ಈವತ್ತು ಬೆಳಗ್ಗೆಯೂ ನೋಡಿದೆ.

ಹಡಪಸರ್ ನೈಟ್ ಶಿಫ್ಟ್

ಹಕ್ಕಿ ವಿಷಯ ಇರಲಿ. ನಮಗೆ ದಿನಾ ಕಾಡುವುದು ನಾಯಿ. ರಾತ್ರಿ ಎರಡು ಗಂಟೆಗೆ ಶಿಫ್ಟ್ ಮುಗಿಸಿ ಬರುವವರಿಗೆ ರಸ್ತೆ ಪೂರ್ತಿ ಅವುಗಳದ್ದೇ. ಹಗಲು ಬಿಸಿಲಿಗೆ ಮಲಗಿರುವ ನಾಯಿಯೇ ರಾತ್ರಿ ಬೇರೆ ಪ್ರಾಣಿ ಆಗುತ್ತದೆ. ನಾನು ಮಾಡುವುದು ಒಂದೇ. ದೂರದಲ್ಲಿ ಕಂಡ ಕೂಡಲೇ ಗೇರ್ ಏರಿಸಿ ಜೋರಾಗಿ ತುಳಿಯುವುದು. ಅವುಗಳ ಗಡಿ ದಾಟಿದರೆ ತಾವೇ ನಿಲ್ಲುತ್ತವೆ. ಬೇರೆ ದಾರಿ ಇಲ್ಲ.

ಪಾಷಾಣ ಸವಾರ

ಅಣ್ಣ, ಇದನ್ನು ನಾನು ಒಪ್ಪುವುದಿಲ್ಲ. ಹೊಸಬರು ಓದುತ್ತಾರೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಬೀದಿನಾಯಿ ಸ್ವಲ್ಪ ದೂರದ ಮಟ್ಟಿಗೆ ಗಂಟೆಗೆ 30–40 ಕಿ.ಮೀ. ವೇಗದಲ್ಲಿ ಓಡುತ್ತದೆ. ಇಳಿಜಾರಿನಲ್ಲಿ ನಾವು ಗೆಲ್ಲಬಹುದು. ಸಮತಟ್ಟಿನಲ್ಲಿ ಕಷ್ಟ. ಏರಿನಲ್ಲಿ ಆಗುವ ಮಾತೇ ಅಲ್ಲ. ಅದಕ್ಕಿಂತ ಮುಖ್ಯ, ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ತಿರುಗುವ ಚಕ್ರ, ಮೇಲೆ ಕೆಳಗೆ ಆಡುವ ಮೀನಖಂಡ, ಇವೇ ಅದನ್ನು ಸೆಳೆಯುವುದು. ನಾವು ಜೋರು ಮಾಡಿದಷ್ಟೂ ಅದಕ್ಕೆ ಹುರುಪು ಬರುತ್ತದೆ. ಒಂದು ನಾಯಿ ಓಡಿದರೆ ಮಲಗಿದ್ದ ನಾಲ್ಕೂ ಎದ್ದು ಬರುತ್ತವೆ. ಆಮೇಲೆ ಅದರಲ್ಲೊಂದು ಮುಂದಿನ ಚಕ್ರಕ್ಕೆ ಅಡ್ಡ ಬಂದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೇವೆ. ಕಚ್ಚದೆಯೇ ಕಾಲರ್ ಬೋನ್ ಮುರಿಯುತ್ತದೆ.

ನಿಲ್ಲುವುದು ಮೊದಲು ಭಯ ಆಗುತ್ತದೆ, ನಿಜ. ಆದರೆ ಹೀಗೆ ಮಾಡಿ ನೋಡಿ. ದೂರದಿಂದಲೇ ವೇಗ ಇಳಿಸಿ. ಪೆಡಲ್ ತುಳಿಯುವುದು ನಿಲ್ಲಿಸಿ, ಕಾಲು ಅಲುಗಬಾರದು. ಅಷ್ಟಕ್ಕೇ ಎಷ್ಟೋ ನಾಯಿ ಸುಮ್ಮನಾಗುತ್ತವೆ. ಆದರೂ ಬಂದರೆ ಇಳಿಯಿರಿ. ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಹಿಡಿಯಿರಿ. ಗಟ್ಟಿ ದನಿಯಲ್ಲಿ ಒಮ್ಮೆ ಹಚ್ ಅನ್ನಿ, ಕಿರುಚಬೇಡಿ. ಕಣ್ಣಿನಲ್ಲಿ ಕಣ್ಣಿಟ್ಟು ನೋಡಬೇಡಿ. ಆದರೆ ಬೆನ್ನೂ ತೋರಿಸಬೇಡಿ. ಹಾಗೇ ನಡೆಯುತ್ತಾ ದಾಟಿ. ನಿಂತ ಮನುಷ್ಯನನ್ನು ಅಟ್ಟಲು ನಾಯಿಗೆ ಏನೂ ಉಳಿಯುವುದಿಲ್ಲ. ನಾಲ್ಕು ಬೊಗಳಿ ಹಿಂದಕ್ಕೆ ಹೋಗುತ್ತದೆ. ಕಾಲಿನಿಂದ ಒದೆಯಲು ಮಾತ್ರ ಹೋಗಬೇಡಿ. ಚಲಿಸುವ ಸೈಕಲ್ ಮೇಲಿಂದ ಒದ್ದರೆ ಬ್ಯಾಲೆನ್ಸ್ ಹೋಗುವುದು ನಮ್ಮದೇ, ಕಾಲನ್ನು ಬಾಯಿಗೆ ಕೊಟ್ಟಂತೆಯೂ ಆಗುತ್ತದೆ.

ಹಡಪಸರ್ ನೈಟ್ ಶಿಫ್ಟ್

ಹಗಲು ಒಂದು ನಾಯಿಗೆ ಸರಿ. ರಾತ್ರಿ ಏಳೆಂಟು ಸುತ್ತುವರಿದರೆ ಯಾವ ಕಡೆ ಸೈಕಲ್ ಅಡ್ಡ ಹಿಡಿಯಲಿ?

ಪಾಷಾಣ ಸವಾರ

ಗೋಡೆಗೋ, ನಿಂತ ಕಾರಿಗೋ ಬೆನ್ನು ಕೊಟ್ಟು ನಿಲ್ಲಿ. ಹಿಂದಿನ ಭಾಗ ಭದ್ರ ಆಗುತ್ತದೆ. ಕಾವಲುಗಾರ ಇರುವ ಗೇಟಿನ ಹತ್ತಿರವಾದರೆ ಇನ್ನೂ ಒಳ್ಳೆಯದು. ಮತ್ತೆ ರಾತ್ರಿ ಪಾಳಿಯವರು ಇಬ್ಬರು ಮೂವರು ಸೇರಿ ಹೊರಡುವುದೇ ಕ್ಷೇಮ. ನಿಮ್ಮ ಕಷ್ಟ ಸಣ್ಣದು ಅಂತ ನಾನು ಹೇಳುತ್ತಿಲ್ಲ.

ಜತ್ತ ಕಡೆಯವ, ಸಾಸವಡ್

ನಿಲ್ಲುವುದರ ಬಗ್ಗೆ ನಾನು ಸಾಕ್ಷಿ ಹೇಳುತ್ತೇನೆ. ದಿವೇ ಘಾಟ್ ಹತ್ತಿ ಸಾಸವಡ್ ಕಡೆ ಬರುವಾಗ ಮಳೆಗಾಲ ಮುಗಿದ ಮೇಲೆ ಧನಗರರ, ಅಂದರೆ ಇಲ್ಲಿನ ಕುರುಬರ, ಕುರಿ ಹಿಂಡು ಸಿಗುತ್ತವೆ. ಮಳೆ ನಿಂತ ಮೇಲೆ ಕೊಂಕಣದ ಕಡೆ ಹೊರಡುತ್ತಾರೆ, ಮುಂದಿನ ಮಳೆಗೆ ಮುಂಚೆ ವಾಪಸ್ ಬರುತ್ತಾರೆ. ಮುಂದೆ ಕುದುರೆ. ಕುದುರೆ ಮೇಲೆ ಪಾತ್ರೆ, ಕಂಬಳಿ, ಆವತ್ತೇ ಹುಟ್ಟಿದ ಕುರಿಮರಿ. ಅದರ ಮೇಲೆ ಕಾಲು ಕಟ್ಟಿದ ಕೋಳಿ ಕೂತಿರುತ್ತದೆ. ಹಿಂಡಿನ ಎರಡೂ ಬದಿ ನಾಯಿಗಳು.

ಈ ನಾಯಿ ನಮ್ಮ ಓಣಿಯ ನಾಯಿಯಂತಲ್ಲ. ಸಾಸವಡ್, ಜೇಜುರಿ ಸುತ್ತಿನ ಹುಲ್ಲುಗಾವಲಿನಲ್ಲಿ ಇವತ್ತಿಗೂ ತೋಳ ಇವೆ. ಆ ತೋಳದ ಎದುರು ನಿಲ್ಲಲು ಸಾಕಿದ ನಾಯಿ ಇದು. ಬೊಗಳುವುದೇ ಇಲ್ಲ, ಸೀದಾ ಬರುತ್ತದೆ. ನನ್ನ ಕಡೆ ಎರಡು ಬಂದವು. ನಾನು ಓಡಿಸಬೇಕು ಅನ್ನುವಷ್ಟರಲ್ಲಿ ಕುರಿ ಕಾಯುವ ಅಜ್ಜ ಮರಾಠಿಯಲ್ಲಿ ಕೂಗಿದ. ನನ್ನ ಬಾಯಿಂದ ಅಯ್ಯಯ್ಯೋ ಅಂತ ಬಂದಿದ್ದು ಕೇಳಿ ತಕ್ಷಣ ಕನ್ನಡಕ್ಕೆ ತಿರುಗಿದ. "ಇಳೀರಿ ಸಾಹೇಬ್ರ. ಇಳದ್ ನಿಲ್ರಿ. ಮಾತಾಡ್ರಿ, ದನಿ ಕೇಳ್ಲಿ ಅದಕ್ಕ. ಓಡಿದ್ರ ಬಿಡೂದಿಲ್ಲ ನೋಡ್ರಿ."

ಇಳಿದು ನಿಂತೆ. ಅಜ್ಜನ ಜೊತೆ ಜೋರಾಗಿ ಮಾತಾಡಿದೆ. ಅವನೂ ನಮ್ಮ ಜತ್ತದ ಕಡೆಯವನೇ. ಮನುಷ್ಯರ ದನಿ ಕೇಳಿದ ಮೇಲೆ ಎರಡೂ ನಾಯಿ ನನ್ನ ಚಕ್ರ ಮೂಸಿ ಹಿಂಡಿನ ಕಡೆ ಹೋದವು. ಹಿಂಡನ್ನು ಸೀಳಿಕೊಂಡು ಹೋಗಬೇಡಿ ಅಂತ ಅಜ್ಜ ಮತ್ತೆ ಮತ್ತೆ ಹೇಳಿದ. ಕುರಿ ಬೆದರಿ ಓಡಿದರೆ ನಾಯಿ ನಮ್ಮನ್ನೇ ಕಳ್ಳ ಅಂದುಕೊಳ್ಳುತ್ತದೆ. ರಸ್ತೆ ಬದಿ ನಿಂತು ಹಿಂಡು ದಾಟಲು ಬಿಡಿ. ಹತ್ತು ನಿಮಿಷ ಆಗಬಹುದು, ಅಷ್ಟೇ ತಾನೆ.

ಮಡಗಾಂವ್ ಮಂಗಳೂರಿಗ

ಗೋವಾದಿಂದ ಎರಡು ಮಾತು. ಇಲ್ಲಿ ಅಟ್ಟಿಸಿಕೊಂಡು ಬರುವುದಕ್ಕಿಂತ ಅಡ್ಡ ಮಲಗುವುದೇ ಕಷ್ಟ. ಮಳೆಗಾಲದಲ್ಲಿ ಹೊಲ ಒದ್ದೆ, ಡಾಂಬರು ಒಣಗಿರುತ್ತದೆ. ಹಾಗಾಗಿ ದನಗಳು ರಾತ್ರಿ ಹೆದ್ದಾರಿಯ ಮೇಲೇ ಬಂದು ಮಲಗುತ್ತವೆ. ಕಪ್ಪು ಎಮ್ಮೆ ಕತ್ತಲಲ್ಲಿ ಕಾಣುವುದೇ ಇಲ್ಲ. ಮುಂದಿನ ದೀಪ ರಸ್ತೆಯನ್ನು ತೋರಿಸುವಷ್ಟು ಜೋರಾಗಿರಲಿ. ಮಿನುಗುವ ಚಿಕ್ಕ ದೀಪ ಸಾಲದು. ಕರು ಜೊತೆ ಇರುವ ಎಮ್ಮೆಯ ಹತ್ತಿರ ಬೆಲ್ ಹೊಡೆಯಬೇಡಿ, ದೂರದಿಂದ ಸುತ್ತಿ ಹೋಗಿ.

ವಿಜಯಪುರ ಹುಡುಗ, ಹಿಂಜವಡಿ

ಎಲ್ಲರಿಗೂ ನಮಸ್ಕಾರ. ಓದುತ್ತಾ ಓದುತ್ತಾ ಒಂದು ಅನುಮಾನ ಬಂತು. ನಿನ್ನೆ ರಾತ್ರಿ ನನಗೂ ನಾಯಿ ಬಂತು. ಕಚ್ಚಲಿಲ್ಲ. ಪ್ಯಾಂಟ್ ಹರಿದಿಲ್ಲ. ಮೀನಖಂಡದ ಮೇಲೆ ಗೆರೆಯಷ್ಟು ತರಚಿದೆ. ರಕ್ತ ಬಂದಿಲ್ಲ. ರೂಮಿನವರು ಅರಿಶಿನ ಹಚ್ಚಿದರು. ಇದಕ್ಕೂ ಇಂಜೆಕ್ಷನ್ ಬೇಕಾ?

ಔಂಧ್ ಡಾಕ್ಟರ್

ಬೇಕು ತಮ್ಮಾ. ಇದನ್ನು ಓದಿದ ಕೂಡಲೇ ಎದ್ದು ಹೊರಡು. ಉಳಿದದ್ದು ದಾರಿಯಲ್ಲಿ ಓದು.

ಮೊದಲು ಗಾಯ ತೊಳೆ. ಅರಿಶಿನ ಪೂರ್ತಿ ಹೋಗಲಿ. ನಲ್ಲಿ ನೀರು ಬಿಟ್ಟು, ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆ, ಅಂದಾಜಿನಲ್ಲಿ ಬೇಡ. ರೇಬಿಸ್ ವೈರಸ್ ಸೋಪಿಗೆ ಸಾಯುತ್ತದೆ. ಒಂದು ರಾತ್ರಿ ಕಳೆದಿದ್ದರೂ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ, ಎಣ್ಣೆ, ಏನೂ ಹಚ್ಚಬಾರದು. ಬಟ್ಟೆ ಹರಿದಿಲ್ಲ ಅಂದ ಮಾತ್ರಕ್ಕೆ ಹಲ್ಲು ತಾಗಿಲ್ಲ ಅಂತಲ್ಲ. ಸೈಕಲ್ ಸವಾರರ ತೆಳು ಬಟ್ಟೆಯ ಒಳಗೆ ಚರ್ಮ ತರಚಿರುತ್ತದೆ. ಬಿಚ್ಚಿ ನೋಡಿಕೊಳ್ಳಬೇಕು.

ರಕ್ತ ಬರದ ತರಚು ಗಾಯಕ್ಕೆ ಲಸಿಕೆ ಬೇಕು. ರಕ್ತ ಬಂದಿದ್ದರೆ, ಅಥವಾ ಇರುವ ಗಾಯವನ್ನು ನಾಯಿ ನೆಕ್ಕಿದ್ದರೆ, ಲಸಿಕೆಯ ಜೊತೆ ಗಾಯದ ಒಳಗೇ ಹಾಕುವ ಸೀರಮ್ ಕೂಡ ಬೇಕು. ಅದನ್ನು ಕೇಳಿ ಹಾಕಿಸಿಕೊಳ್ಳಿ. ಚರ್ಮದ ಪದರದಲ್ಲಿ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ಮೊದಲ ಸೂಜಿ ಬಿದ್ದ ದಿನವೇ ಸೊನ್ನೆ. ಹಿಂದೆ ಪೂರ್ತಿ ಕೋರ್ಸ್ ಮುಗಿಸಿದವರಿಗೆ 0 ಮತ್ತು 3ನೇ ದಿನ ಎರಡೇ ಡೋಸ್, ಸೀರಮ್ ಬೇಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆಗೆ ದುಡ್ಡಿಲ್ಲ.

ನಾಯಿ ಹತ್ತು ದಿನ ಬದುಕಿರುತ್ತದಾ ನೋಡೋಣ, ಆಮೇಲೆ ಹೋಗೋಣ ಅನ್ನಬೇಡಿ. ಲಸಿಕೆ ಶುರು ಮಾಡಿ, ಜೊತೆಗೇ ನಾಯಿಯನ್ನು ಗಮನಿಸಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್ ಬಂದವರು ಉಳಿಯುವುದಿಲ್ಲ ಅಂತಲೇ ತಿಳಿಯಿರಿ. ನಾನು ಕಲಿಯುವಾಗ ಒಬ್ಬ ರೋಗಿಯನ್ನು ನೋಡಿದ್ದೇನೆ. ನೀರಿನ ಲೋಟ ಹತ್ತಿರ ತಂದರೆ ಗಂಟಲು ಬಿಗಿಯುತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತಿದ್ದರು. ಅದು ಯಾರಿಗೂ ಬೇಡ. ಸಮಯಕ್ಕೆ ಲಸಿಕೆ ಬಿದ್ದರೆ ಪೂರ್ತಿ ತಪ್ಪಿಸಬಹುದಾದ ಸಾವು ಅದು.

ಮಂಗ ಕಚ್ಚಿದರೂ ಪರಚಿದರೂ ಇದೇ ಲೆಕ್ಕ.

ವಿಜಯಪುರ ಹುಡುಗ, ಹಿಂಜವಡಿ

ಹೊರಟೆ ಸರ್.

ಹಡಪಸರ್ ನೈಟ್ ಶಿಫ್ಟ್

ಡಾಕ್ಟರ್ ಸಾಹೇಬರಿಗೆ ಧನ್ಯವಾದ. ಆದರೆ ಒಂದು ಮಾತು ಕೇಳಲೇಬೇಕು. ನಾವು ಇಳಿಯಬೇಕು, ನಾವು ನಿಲ್ಲಬೇಕು, ನಾವೇ ಸೂಜಿ ಚುಚ್ಚಿಸಿಕೊಳ್ಳಬೇಕು. ರಸ್ತೆ ಮಧ್ಯೆ ರಾತ್ರಿ ಹನ್ನೊಂದಕ್ಕೆ ಅನ್ನ ಸುರಿದು ಹೋಗುವವರನ್ನು ಯಾರೂ ಕೇಳುವುದಿಲ್ಲ. ನನ್ನ ದಾರಿಯಲ್ಲಿ ನಾಯಿ ಗುಂಪು ಸೇರುವುದೇ ಆ ಜಾಗದಲ್ಲಿ. ಊಟದ ಜಾಗ ಕಾಯುವ ನಾಯಿ ಯಾರನ್ನೂ ಬಿಡುವುದಿಲ್ಲ.

ಅನ್ನ ಹಾಕುವಾಕೆ, ಕರ್ವೇನಗರ್

ನಾನು ಅನ್ನ ಹಾಕುವವಳು. ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ನನ್ನ ಮಾತನ್ನೂ ಕೇಳಿ.

ನಾವು ಊಟ ಹಾಕುವುದರಿಂದಲೇ ನಾಯಿ ಹಿಡಿಯಲು ಸಿಗುತ್ತದೆ. ಕೈಗೆ ಸಿಕ್ಕಿದ ನಾಯಿಗೆ ಆಪರೇಷನ್ ಮಾಡಿಸಬಹುದು, ರೇಬಿಸ್ ಲಸಿಕೆ ಹಾಕಿಸಬಹುದು. ಆಪರೇಷನ್ ಆದ ನಾಯಿಯ ಕಿವಿಯ ತುದಿ ಕತ್ತರಿಸಿರುತ್ತಾರೆ, ನೋಡಿ ಗುರುತಿಸಿ. ನಮ್ಮ ಗಲ್ಲಿಯಲ್ಲಿ ಹೆಣ್ಣು ನಾಯಿಗಳಿಗೆಲ್ಲ ಆಪರೇಷನ್ ಆದ ಮೇಲೆ ಮರಿಗಳಿಲ್ಲ. ಮರಿ ಇಲ್ಲದ ಮೇಲೆ ಮರಿ ಕಾಯುವ ಜಗಳವೂ ಇಲ್ಲ. ನೀವು ಬೈಯುವ ನಾಯಿಗಳಲ್ಲಿ ಎಷ್ಟಕ್ಕೆ ಕಿವಿ ಕತ್ತರಿಸಿದೆ ನೋಡಿ. ಬಹಳಷ್ಟಕ್ಕೆ ಇರುವುದಿಲ್ಲ.

ಆದರೆ ಎಲ್ಲಿ ಹಾಕಬೇಕು ಅನ್ನುವುದರಲ್ಲಿ ನಿಮ್ಮ ಮಾತು ಸರಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲೂ ಇದೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಜನ ಓಡಾಡುವ ಬಾಗಿಲ ಹತ್ತಿರ ಹಾಕಬಾರದು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಬೀದಿಯಲ್ಲಿ ಹಾಕುವಂತಿಲ್ಲ, ಅದಕ್ಕೇ ಅಂತ ಜಾಗ ಗುರುತು ಮಾಡಬೇಕು. ಆಪರೇಷನ್, ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ರೇಬಿಸ್ ತಗಲಿದ, ಕಚ್ಚುವ ಸ್ವಭಾವದ ನಾಯಿಯನ್ನು ಮಾತ್ರ ಬಿಡಬಾರದು ಅಂತ ಆವತ್ತಿನ ಆದೇಶ. ನಿಮ್ಮ ದಾರಿಯಲ್ಲಿ ಹಾಕುವವರು ಯಾರು ಅಂತ ಗೊತ್ತಾದರೆ ಹೇಳಿ. ನಾನೇ ಬಂದು ಮಾತಾಡುತ್ತೇನೆ. ಒಳಗಿನ ಖಾಲಿ ಜಾಗಕ್ಕೆ, ಸಂಜೆ ಬೇಗ ಹಾಕುವ ಹಾಗೆ ಒಪ್ಪಿಸಬಹುದು. ಜಾಗ ಬದಲಾದರೆ ಗುಂಪೂ ನಿಧಾನವಾಗಿ ಅಲ್ಲಿಗೆ ಹೋಗುತ್ತದೆ.

ಹಡಪಸರ್ ನೈಟ್ ಶಿಫ್ಟ್

ಅಕ್ಕ, ನೀವು ಇಷ್ಟು ಹೇಳಿದ್ದು ದೊಡ್ಡದು. ಜಾಗದ ಫೋಟೋ ಕಳಿಸುತ್ತೇನೆ. ಶನಿವಾರ ರಜೆ, ನಾನೂ ಬರುತ್ತೇನೆ.

ಮುಲುಂಡ್ ಸೈಕಲ್ ಮಾಸ್ತರ್

ತಿಂಡಿ ಮಾತು ಬಂದಿದ್ದಕ್ಕೆ ಮಂಗನ ವಿಷಯ ಹೇಳುತ್ತೇನೆ. ಮುಂಬೈಯ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗೆ ಹೋಗುವ ದಾರಿ ಸೈಕಲ್ಲಿಗೆ ಬಹಳ ಚೆಂದ. ಆದರೆ ಗುಹೆಯ ಹತ್ತಿರ ನಿಲ್ಲಿಸಿ ಬಾಳೆಹಣ್ಣು ತೆಗೆದರೆ ಮುಗೀತು. ಕೈಯಲ್ಲಿ ಹಿಡಿಯಬೇಕಾಗಿಲ್ಲ, ಬೆನ್ನ ಜೇಬಿನಲ್ಲಿ ಇದ್ದರೂ ಅದಕ್ಕೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಚೀಲದ ಸದ್ದಿಗೇ ಬರುತ್ತವೆ. ಕಿತ್ತುಕೊಳ್ಳಲು ಬಂದಾಗ ಎಳೆದಾಡಬೇಡಿ. ಹಣ್ಣು ಹೋಗಲಿ. ಎಳೆದಾಡಿದರೆ ಉಗುರು ತಾಗುತ್ತದೆ. ಹಲ್ಲು ಕಾಣುವ ಹಾಗೆ ನಗಬೇಡಿ, ಅದು ಜಗಳಕ್ಕೆ ಕರೆದ ಹಾಗೆ.

ಧಾರವಾಡದಾಕಿ, ಕೋಥರೂಡ್

ತಾಮ್ಹಿಣಿ ಘಾಟಿನಲ್ಲೂ ಇದೇ. ಕಾರಿನವರು ಕಿಟಕಿ ಇಳಿಸಿ ಚಿಪ್ಸ್ ಎಸೆಯುವ ತಿರುವುಗಳಲ್ಲೇ ಮಂಗಗಳು ಸಾಲಾಗಿ ಕೂತಿರುತ್ತವೆ. ಅರ್ಧ ಕಿಲೋಮೀಟರ್ ಆಚೆ ಕಾಡಿನಲ್ಲಿ ಅದೇ ಜಾತಿಯ ಮಂಗ ನಮ್ಮನ್ನು ಕಂಡರೆ ಮರ ಹತ್ತುತ್ತದೆ. ಒಂದು ಮಂಗ ನನ್ನ ಹ್ಯಾಂಡಲ್ ಬ್ಯಾಗಿನ ಜಿಪ್ ಹಿಡಿದು ಎಳೆದಿದ್ದನ್ನು ನಾನು ಎದುರಿಗೇ ನಿಂತು ನೋಡಿದೆ. ಎರಡು ಬೆರಳಿನಲ್ಲಿ, ನಿಧಾನಕ್ಕೆ. ಚಿಕ್ಕಿ ತೆಗೆದುಕೊಂಡಿತು, ಟ್ಯೂಬು, ಪಂಪು ಮುಟ್ಟಲಿಲ್ಲ. ಈ ವಿದ್ಯೆ ಕಲಿಸಿದ್ದು ನಾವೇ. ಘಾಟಿನಲ್ಲಿ ಚಿಪ್ಸ್ ಎಸೆಯುವ ಕಾರು ಕಂಡರೆ ನಾನು ನಿಂತು ಹೇಳುತ್ತೇನೆ. ಕೆಲವರು ಬೈಯುತ್ತಾರೆ, ಕೆಲವರು ಕೇಳುತ್ತಾರೆ. ನೀವೂ ಹೇಳಿ.

ಬಾದಾಮಿ ಸವಾರ, ವಾರ್ಜೆ

ಹೆಜ್ಜೇನಿನ ಬಗ್ಗೆ ಯಾರೂ ಬರೆದಿಲ್ಲ. ಹಕ್ಕಿ ಪ್ರಾಣಿಗಳ ಪಟ್ಟಿಗೆ ಸೇರದಿದ್ದರೂ ಸಿಂಹಗಡ ಹತ್ತುವವರಿಗೆ ಇದು ಬೇಕು. ಬಂಡೆಯ ಅಡಿ, ದೊಡ್ಡ ಮರ, ನೀರಿನ ಟ್ಯಾಂಕ್ ಕೆಳಗೆ ಹೆಜ್ಜೇನು ತಟ್ಟಿ ಕಟ್ಟುತ್ತದೆ. ಸುಮ್ಮನೆ ತಾನಾಗಿ ಬರುವುದಿಲ್ಲ. ಯಾರೋ ಹೊಗೆ ಹಾಕಿರುತ್ತಾರೆ, ಕಲ್ಲು ಹೊಡೆದಿರುತ್ತಾರೆ. ಇಲ್ಲವೇ ಜೇನುಗಿಡುಗ ಬಂದು ತಟ್ಟಿ ಕಿತ್ತಿರುತ್ತದೆ. ಆಮೇಲೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಪಾಲು.

ಒಂದು ಕಚ್ಚಿದರೆ ಅಲ್ಲಿಂದ ಹೊರಡುವ ವಾಸನೆಗೆ ಉಳಿದವು ಬರುತ್ತವೆ. ಆ ವಾಸನೆ ಹಣ್ಣಾದ ಬಾಳೆಹಣ್ಣಿನಂತೆ ಇರುತ್ತದೆ. ಅದಕ್ಕೇ ತಟ್ಟಿ ಇರುವ ಬಂಡೆ ಕೆಳಗೆ ಕೂತು ಬಾಳೆಹಣ್ಣು ತಿನ್ನಬೇಡಿ. ನಾಯಿಗೆ ಹೇಳಿದ ನಿಯಮ ಇಲ್ಲಿ ನಡೆಯುವುದಿಲ್ಲ. ಇಲ್ಲಿ ನಿಲ್ಲಬಾರದು. ಮುಖ ಮುಚ್ಚಿಕೊಂಡು ನೇರ ದೂರ ಹೋಗಬೇಕು. ಕೈ ಬೀಸಬಾರದು. ಕಾರು, ಅಂಗಡಿ ಏನು ಸಿಕ್ಕರೂ ಒಳಗೆ ಸೇರಿ ಬಾಗಿಲು ಹಾಕಿ. ನೀರಿಗೆ ಹಾರಿದರೆ ಮೇಲೇ ಕಾಯುತ್ತವೆ. ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ, ತಡ ಮಾಡಿದಷ್ಟೂ ವಿಷ ಇಳಿಯುತ್ತದೆ. ತುಟಿ ಊದಿದರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಓಡಿ.

ನವಲಗುಂದ ನವೀನ

ಚಿರತೆ? ನಾರಾಯಣಗಾಂವ್ ಕಡೆ ಸೈಕಲ್ಲಿನಲ್ಲಿ ಹೋಗುವ ಯೋಚನೆ ಇದೆ. ಮನೆಯವರು ಬೇಡ ಅನ್ನುತ್ತಿದ್ದಾರೆ.

ಪಾಷಾಣ ಸವಾರ

ಹಗಲು ಹೋಗಿ. ಜುನ್ನರ್, ನಾರಾಯಣಗಾಂವ್, ಮಂಚರ್ ಸುತ್ತ ಕಬ್ಬಿನ ಗದ್ದೆಯಲ್ಲೇ ಚಿರತೆ ಹುಟ್ಟಿ ಬೆಳೆಯುತ್ತವೆ. ಜುನ್ನರ್ ಹತ್ತಿರ ಮಾಣಿಕಡೋಹದಲ್ಲಿ ಅವುಗಳಿಗೇ ಒಂದು ರಕ್ಷಣಾ ಕೇಂದ್ರ ಇದೆ ಅಂದರೆ ನೀವೇ ಲೆಕ್ಕ ಹಾಕಿ. ಅಲ್ಲಿನ ಹಳ್ಳಿಯವರು ಮಕ್ಕಳನ್ನು ಕಳೆದುಕೊಂಡಿದ್ದಾರೆ. ನಾವು ಒಂದು ದಿನ ಹೋಗಿ ಬರುವ ಜಾಗದಲ್ಲಿ ಅವರು ದಿನಾ ಬದುಕುತ್ತಾರೆ.

ಸೂರ್ಯ ಹುಟ್ಟಿದ ಮೇಲೆ ಆ ಭಾಗಕ್ಕೆ ಕಾಲಿಡುವ ಹಾಗೆ ಹೊರಡಿ, ಮುಳುಗುವ ಮುಂಚೆ ದಾಟಿ. ಕಬ್ಬು ಕಟಾವು ನಡೆಯುವ ಕಾಲದಲ್ಲಿ ಚಿರತೆಗೆ ಅಡಗುವ ಜಾಗ ಹೋಗಿ ಅಲೆಯುತ್ತಿರುತ್ತದೆ, ಆಗ ಇನ್ನೂ ಎಚ್ಚರ. ಪಂಕ್ಚರ್ ಆದರೆ ಕಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟ್ಯೂಬ್ ಬದಲಿಸಬೇಡಿ. ಕೂತ ಮನುಷ್ಯ ಚಿರತೆಗೆ ಸಣ್ಣ ಪ್ರಾಣಿಯ ಅಳತೆಯಲ್ಲಿ ಕಾಣುತ್ತಾನೆ. ತಳ್ಳಿಕೊಂಡು ಊರೊಳಗೆ ಹೋಗಿ, ನಾಲ್ಕು ಜನ ಇರುವ ಕಡೆ ಮಾಡಿ. ಬಯಲಿಗೆ ಕೂರುವುದೂ ಕಬ್ಬಿನ ಅಂಚಿನಲ್ಲಿ ಬೇಡ. ಎದುರಿಗೆ ಕಂಡರೆ ಬಗ್ಗಬೇಡಿ, ಓಡಬೇಡಿ. ಸೈಕಲ್ ಎದುರಿಗೆ ಎತ್ತಿ ಹಿಡಿದು ಜೋರಾಗಿ ಮಾತಾಡುತ್ತಾ ಹಿಂದೆ ಸರಿಯಿರಿ.

ಧಾರವಾಡದಾಕಿ, ಕೋಥರೂಡ್

ಪ್ರಾಣಿ ನಮ್ಮ ಮೇಲೆ ಬರುವ ಮಾತು ಇಷ್ಟು ಆಯ್ತು. ನಾವು ಅದರ ಮೇಲೆ ಹೋದದ್ದನ್ನೂ ಬರೆಯಬೇಕು. 2020ರ ಡಿಸೆಂಬರ್ 9ರಂದು ಕೋಥರೂಡಿಗೆ ಕಾಟಿ (ಕಾಡುಕೋಣ) ಬಂದಿದ್ದು ಇಲ್ಲಿನವರಿಗೆ ನೆನಪಿರಬಹುದು. ಮಹಾತ್ಮಾ ಸೊಸೈಟಿಯ ಹತ್ತಿರ ಬೆಳಗ್ಗೆ ಕಾಣಿಸಿಕೊಂಡಿತು. ಜನ ಸೇರಿದರು, ಮೊಬೈಲ್ ಹಿಡಿದು ಹಿಂದೆ ಓಡಿದರು. ಅದು ದಾರಿ ಕಾಣದೆ ಗೋಡೆಗೆ, ಗೇಟಿಗೆ ಗುದ್ದಿಕೊಂಡಿತು. ಮೂಗು ಬಾಯಲ್ಲಿ ರಕ್ತ. ಕೊನೆಗೆ ಹಿಡಿದರು, ಆದರೆ ಸತ್ತುಹೋಯಿತು. ಅಷ್ಟು ದೊಡ್ಡ ಪ್ರಾಣಿ ಹೆದರಿ ಹೆದರಿ ಸತ್ತಿದ್ದು. ನನಗೆ ಅದನ್ನು ಮರೆಯಲು ಆಗುವುದಿಲ್ಲ.

ಸೈಕಲ್ಲಿನಲ್ಲಿ ಬೆಳಗಿನ ಜಾವ ಟೇಕಡಿ (ಗುಡ್ಡ) ಅಂಚಿನಲ್ಲಿ ಓಡಾಡುವವರು ನಾವು. ಇಂಥ ಪ್ರಾಣಿ ಮೊದಲು ಕಣ್ಣಿಗೆ ಬೀಳುವುದು ನಮಗೇ. ಕಂಡರೆ ವಿಡಿಯೋ ಮಾಡಿ ಗ್ರೂಪಿಗೆ ಹಾಕಬೇಡಿ, ಅರ್ಧ ಗಂಟೆಯಲ್ಲಿ ಊರೇ ಬರುತ್ತದೆ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಜಾಗ ಹೇಳಿ, ದೂರ ನಿಂತು ಬೇರೆಯವರನ್ನು ತಡೆಯಿರಿ.

ಹಕ್ಕಿ ನೋಡುವವ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹದ್ದಿನ ಗೂಡು ಕೀಳಿಸಿ ಅಂತ ಪಾಷಾಣದ ಕೆಲವರು ಹೇಳುತ್ತಿದ್ದಾರೆ ಅಂತ ಕೇಳಿದೆ. ಮೊಟ್ಟೆ, ಗೂಡು ಕೆಡಿಸುವುದನ್ನೂ 1972ರ ವನ್ಯಜೀವಿ ಕಾಯಿದೆ ಬೇಟೆಯ ಲೆಕ್ಕಕ್ಕೇ ಹಿಡಿಯುತ್ತದೆ. ಮರಿ ಹಾರಿದ ಮೇಲೆ ಹದ್ದು ತಾನೇ ಸುಮ್ಮನಾಗುತ್ತದೆ. ಅಲ್ಲಿಯ ತನಕ ಮರದ ಎರಡೂ ಕಡೆ ಒಂದು ಬೋರ್ಡ್ ಹಾಕಿದರೆ ಸಾಕಲ್ವಾ?

ಪಾಷಾಣ ಸವಾರ

ಹೌದು. ಬೋರ್ಡ್ ಬರೆಯಿಸಿದ್ದೇನೆ. ಮೇಲೆ ಗೂಡಿದೆ, ಸೈಕಲ್ಲಿನಿಂದ ಇಳಿದು ನಡೆಯಿರಿ ಅಂತ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲೂ. ಕೋಳಿ ಅಂಗಡಿಯವರ ಹತ್ತಿರ ನಾಳೆ ಮಾತಾಡುತ್ತೇನೆ. ಮುಚ್ಚಳ ಇರುವ ಡ್ರಮ್ಮಿಗೆ ದುಡ್ಡು ನಮ್ಮ ಗುಂಪಿನಿಂದ ಕೊಡೋಣ ಅಂತಿದ್ದೇವೆ.

ವಿಜಯಪುರ ಹುಡುಗ, ಹಿಂಜವಡಿ

ಡಾಕ್ಟರ್ ಸರ್, ಮೊದಲ ಡೋಸ್ ಆಯ್ತು. ಎರಡೂ ತೋಳಿಗೆ ಕೊಟ್ಟರು, ಚರ್ಮದ ಪದರಕ್ಕೆ. ಏಳನೇ ದಿನ ನಾನು ಊರಲ್ಲಿ ಇರುತ್ತೇನೆ, ಅಕ್ಕನ ಮಗಳ ಕಿವಿ ಚುಚ್ಚುವ ಶಾಸ್ತ್ರ ಇದೆ. ವಾಪಸ್ ಬಂದು ಇಲ್ಲೇ ತಗೊಂಡರೆ ನಡೆಯುತ್ತದಾ?

ಔಂಧ್ ಡಾಕ್ಟರ್

ಮುಂದೆ ಹಾಕಬೇಡ. ವಿಜಯಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳು. ಕಾರ್ಡು ಮರೆಯದೆ ತಗೊಂಡು ಹೋಗು. ಚರ್ಮದ ಪದರಕ್ಕೆ ಕೊಟ್ಟಿದ್ದಾರೆ ಅಂತ ತೋರಿಸು, ಅಲ್ಲೂ ಅದೇ ರೀತಿ ಕೊಡಲಿ. ಅದು ಸಿಗದಿದ್ದರೂ ಡೋಸ್ ಬಿಡಬೇಡ, ಏನು ಕೊಟ್ಟರು ಅಂತ ಕಾರ್ಡಿನಲ್ಲಿ ಬರೆಸಿಕೊಂಡು ಬಂದು ನನಗೆ ತೋರಿಸು. 28ನೇ ದಿನದ್ದು ಬಹಳ ಜನ ಮರೆಯುತ್ತಾರೆ. ಈಗಲೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೋ.